ಗೋಡೆಯ ಬುಡದ ಕಾಂಕ್ರೀಟು

ಕಳೆದ ಬೇಸಿಗೆಯಲ್ಲಿ ಮನೆಯ ಹಿಂಗೋಡೆಗೆ ಅಂಟಿಕೊಂಡಿದ್ದ ಹಳೆಯ ಕಾಂಕ್ರೀಟನ್ನು ಒಡೆಸಿ, ಶಹಾಬಾದ್ ಕಲ್ಲು ಹಾಸಿಸಿದೆ. 1991ರಲ್ಲಿ ಅದನ್ನು ಹಾಕಿಸಿದವನು ನಾನೇ. ಹೊರಮುಖವಾಗಿ ಇಳಿಜಾರು ಕೊಡಲು ಇನ್ನೆರಡು ಮೂಟೆ ಸಿಮೆಂಟು ಬೇಕೆಂದ ಮೇಸ್ತ್ರಿಯ ಮಾತನ್ನು ಖರ್ಚಿಗಂಜಿ ತಳ್ಳಿಹಾಕಿದ್ದೆ. ಮಳೆನೀರು ಗೋಡೆಯ ಬುಡದಲ್ಲೇ ನಿಂತಿತು. ಒಳಗೆ ಅಮ್ಮನ ಕೋಣೆಯ ಸುಣ್ಣ ಉದುರಿತು. ನಾನು ಮೇಸ್ತ್ರಿಯ ಗಾರೆಯನ್ನೇ ದೂರಿದೆ. ಅಮ್ಮ ಮಾತಿಲ್ಲದೆ ಚಾಪೆಯನ್ನು ಗೋಡೆಯಿಂದ ದೂರ ಎಳೆದುಕೊಂಡರು.

ಪಾಯ ಅದುರದಿರಲೆಂದು ಗೋಡೆಯಂಚಿನ ಅರ್ಧ ಅಡಿಯನ್ನು ಕೆಲಸದವರು ಉಳಿಯಿಂದ ಮೆಲ್ಲಗೆ ಬಿಡಿಸಿದರು. ಏಪ್ರಿಲ್ ಬಿಸಿಲಿನಲ್ಲೂ ಅಡಿಯ ಮಣ್ಣು ತೇವವಾಗಿತ್ತು! ಈ ಸಲ ನಾಲ್ಕಡಿಗೆ ಒಂದಿಂಚು ಇಳಿಜಾರು ಕೊಡಿಸಿದ್ದೇನೆ.

ಗೋಡೆ ಒಣಗಿದೆ, ಅಮ್ಮ ಇಲ್ಲ, ಆ ಮೇಸ್ತ್ರಿಯೂ ಇಲ್ಲ. ವಿದ್ಯಾರ್ಥಿಮಿತ್ರರೇ, ನಿಮ್ಮ ತಪ್ಪುಗಳನ್ನು ಅಂದೇ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ ನನಗೆ, ನನ್ನದನ್ನು ತಿದ್ದಿಕೊಳ್ಳಲು ಮೂರು ದಶಕಗಳೇ ಬೇಕಾದವು.