ಸಮ ಚಿಹ್ನೆಯ ಗೊಂದಲ

ಹತ್ತನೇ ತರಗತಿಯವರೆಗೆ ಮಕ್ಕಳು ಸಮ ಚಿಹ್ನೆಗೆ ಒಂದೇ ಅರ್ಥ ಬಲ್ಲರು: ಎಡಗಡೆಯದೂ ಬಲಗಡೆಯದೂ ಸಮ. ಗಣಕದ ತರಗತಿಯಲ್ಲಿ ಅದು 'ಬಲಗಡೆಯದನ್ನು ಎಡಗಡೆಗೆ ಹಾಕು' ಎಂಬ ಅಪ್ಪಣೆಯಾಗುತ್ತದೆ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಜಾವಾ ಭಾಷೆಯಲ್ಲಿ ಆಬ್ಜೆಕ್ಟ್‌ಗಳ ಪಾಠ ಬಂದಾಗ ಅಪ್ಪಣೆಯ ಅರ್ಥವೂ ಕವಲೊಡೆಯುತ್ತದೆ. ಸಂಖ್ಯೆಯಾದರೆ ಅದರ ಬೆಲೆ ನಕಲಾಗುತ್ತದೆ. ಆಬ್ಜೆಕ್ಟ್ ಆದರೆ ನಕಲಾಗುವುದು ಅದರ ವಿಳಾಸ ಮಾತ್ರ. ಒಂದು ಮನೆಯ ವಿಳಾಸವನ್ನು ಎರಡು ಚೀಟಿಗಳಲ್ಲಿ ಬರೆದರೆ ಮನೆ ಎರಡಾಗದು. ಒಂದು ಚೀಟಿ ಹಿಡಿದವನು ಹೋಗಿ ಗೋಡೆಗೆ ನೀಲಿ ಬಳಿದರೆ, ಇನ್ನೊಂದು ಚೀಟಿಯವನಿಗೆ ಕಾಣುವುದೂ ನೀಲಿ ಗೋಡೆಯೇ.

ಸೋಜಿಗವೆಂದರೆ, ಈ ಬಗೆಯ ಪ್ರೋಗ್ರಾಮಿಂಗ್ ಹುಟ್ಟಿದಾಗ ಈ ಗೊಂದಲ ಇರಲಿಲ್ಲ. ನಾರ್ವೆಯ ಓಸ್ಲೋ ನಗರದಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ 1967ರಲ್ಲಿ ರೂಪಿಸಿದ ಸಿಮುಲಾ ಭಾಷೆಯಲ್ಲಿ ಎರಡು ಬೇರೆ ಚಿಹ್ನೆಗಳಿದ್ದವು. ಬೆಲೆ ಹಾಕಲು ಕೋಲನ್ ಪಕ್ಕ ಸಮ ಚಿಹ್ನೆ; ವಿಳಾಸ ಹಾಕಲು ಕೋಲನ್ ಪಕ್ಕ ಅಡ್ಡಗೆರೆ. ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಜಾವಾದಂಥ ಭಾಷೆಗಳು ಬರೆಯುವ ಶ್ರಮ ಉಳಿಸಿ ಕಲಿಯುವ ಶ್ರಮ ಹೆಚ್ಚಿಸಿದವು.

ಇನ್ಹೆರಿಟೆನ್ಸ್ ಕಲ್ಪನೆಯೂ ಆ ಇಬ್ಬರದೇ. ಅವರ ಮುಂದಿದ್ದ ಒಂದು ಉದಾಹರಣೆ ಸೇತುವೆಯ ಸುಂಕದ ಕಟ್ಟೆ. ಸಾಲಿನಲ್ಲಿ ಲಾರಿಗಳೂ ಬಸ್ಸುಗಳೂ ನಿಂತಿವೆ. ಸಾಲಿನ ಲೆಕ್ಕಕ್ಕೆ ಎಲ್ಲವೂ ವಾಹನಗಳೇ, ಒಳಹೊಕ್ಕು ನೋಡಿದರೆ ಬೇರೆ ಬೇರೆ. ಆದ್ದರಿಂದ 'ವಾಹನ' ಎಂಬ ಕ್ಲಾಸಿನ ಗುಣಗಳು ಲಾರಿಗೂ ಬಸ್ಸಿಗೂ ಬರುತ್ತವೆ. (ಇದನ್ನು ಪಿತ್ರಾರ್ಜಿತ ಆಸ್ತಿಗೆ ಹೋಲಿಸುವುದುಂಟು. ಹೋಲಿಕೆ ಅಷ್ಟು ಸರಿಯಲ್ಲ. ಇಲ್ಲಿ ಕೊಟ್ಟವರದು ಕರಗುವುದಿಲ್ಲ.) ವಾಹನಕ್ಕೆ 'ಸುಂಕ' ಎಂಬ ಮೆಥಡ್ ಇದ್ದು, ಬಸ್ಸು ಅದೇ ಹೆಸರಿನಲ್ಲಿ ತನ್ನದೇ ಲೆಕ್ಕ ಬರೆದುಕೊಂಡರೆ ಅದು ಓವರ್‌ರೈಡಿಂಗ್.

ಮಕ್ಕಳು ಪರೀಕ್ಷೆಯಲ್ಲಿ ಎಡವುವುದು ಇಲ್ಲಿ. 'ವಾಹನ' ಎಂದು ಹೆಸರಿಟ್ಟ ಚೀಟಿಯಲ್ಲಿ ಬಸ್ಸಿನ ವಿಳಾಸ ಹಾಕಿ ಸುಂಕ ಕೇಳಿದರೆ ಬರುವುದು ಯಾರ ಲೆಕ್ಕ? ಚೀಟಿಯ ಹೆಸರಷ್ಟೇ ನೋಡಿದವರು ವಾಹನದ್ದು ಎನ್ನುತ್ತಾರೆ. ಜಾವಾದಲ್ಲಿ ಉತ್ತರ ಬಸ್ಸಿನದು. ವಿಳಾಸ ಹಿಡಿದು ಹೋದರೆ ಅಲ್ಲಿ ನಿಂತಿರುವುದು ಬಸ್ಸೇ ತಾನೆ? ಆದರೆ ವಾಹನಕ್ಕಿಲ್ಲದ, ಬಸ್ಸಿಗೆ ಮಾತ್ರ ಇರುವ ಮೆಥಡನ್ನು ಆ ಚೀಟಿಯಿಂದ ಕೇಳಿದರೆ ಕಂಪೈಲರ್ ಒಪ್ಪುವುದಿಲ್ಲ. ಏನು ಕೇಳಬಹುದು ಎಂಬುದು ಚೀಟಿಯ ಹೆಸರಿಗೆ ಬಿಟ್ಟದ್ದು, ಯಾರು ಉತ್ತರಿಸುತ್ತಾರೆ ಎಂಬುದು ಆಬ್ಜೆಕ್ಟಿಗೆ.

ಇಂಥ ಉತ್ತರಗಳನ್ನೂ ಬಾಯಿಪಾಠ ಮಾಡಿಸುವ ಮನೆಪಾಠಗಳಿವೆ. ಅಂಕ ಬಂದರೆ ತಂದೆತಾಯಿಗಳಿಗೂ ಸಮಾಧಾನ. ಪ್ರಶ್ನೆಯಲ್ಲಿ ಎರಡು ಸಾಲು ಅದಲುಬದಲಾದರೆ ಹುಡುಗನ ಕೈ ನಿಲ್ಲುತ್ತದೆ. ಅದರ ಬದಲು ಒಂದು ಹಾಳೆ, ಪೆನ್ಸಿಲ್ ಸಾಕು. ಚೀಟಿಗೊಂದು ಚೌಕ, ಆಬ್ಜೆಕ್ಟಿಗೊಂದು ವೃತ್ತ, ನಡುವೆ ಬಾಣ. ಸಮ ಚಿಹ್ನೆ ಬಂದಾಗ ಬಾಣ ತಿರುಗಬೇಕು. ಹೊಸ ವೃತ್ತ ಬರೆಯುವುದು 'ನ್ಯೂ' ಎಂಬ ಪದ ಕಂಡಾಗ ಮಾತ್ರ. ಗಣಕ ಮುಟ್ಟಿ ನೋಡದ ತಾಯಿಯೂ ಪಕ್ಕದಲ್ಲಿ ಕುಳಿತು ಆ ವೃತ್ತಗಳನ್ನು ಎಣಿಸಬಹುದು.