ಎಲ್ಲಾ ಬಾಡಿಗೆಯಲ್ಲೇ

"ಕರೆಂಟು, ನೀರು ಎಲ್ಲಾ ಬಾಡಿಗೆಯಲ್ಲೇ ಬಂತಪ್ಪಾ, ನೀನು ಬೇರೆ ಕಟ್ಟೋದೇನೂ ಇಲ್ಲ" ಎಂದು ಬಂಗಾರಪೇಟೆಯ ಓನರ್ ಅಮ್ಮ ಹೇಳಿದಾಗ ಹೆಂಡತಿ ಅನುಮಾನದಿಂದ ನನ್ನ ಮುಖ ನೋಡಿದಳು. ನಾನು ಆಗಲೇ ಅಡ್ವಾನ್ಸ್ ಎಣಿಸುತ್ತಿದ್ದೆ. ಕೋಲಾರ ಚಿನ್ನದ ಗಣಿ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ, ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಬೆಳೆದವನಿಗೆ ಕರೆಂಟ್ ಬಿಲ್ಲು ಎಂಬುದು ಪರವೂರಿನವರಿಗೆ ಬರುವ ಕಾಯಿಲೆ.

ನಮ್ಮ ಮನೆಗೆ ಮೀಟರೇ ಇರಲಿಲ್ಲ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಎಳೆದದ್ದು ಚಿನ್ನಕ್ಕೆ, ನಮಗಲ್ಲ. ಆದರೂ ಅಜ್ಜಿ ಬೆಂಗಳೂರಿನ ನೆಂಟರೆದುರು ಆ ಮೂರು ವರ್ಷವನ್ನು ಬಿಟ್ಟುಕೊಡುತ್ತಿರಲಿಲ್ಲ. ಕಾಲು ಚಾಚಿದರೆ ಗೋಡೆ ತಾಗುವ ಮನೆ. ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ಬೇತಮಂಗಲದ ನೀರು ಬೀದಿ ನಲ್ಲಿಯಲ್ಲಿ ಬಂದರೆ ಜಗಳ ಸರದಿಗೆ ಮಾತ್ರ, ದುಡ್ಡಿಗಲ್ಲ. ಮೂರು ಕಿಲೋಮೀಟರಿಗೂ ಆಳದ ಗಣಿಯಿಂದ ಅಪ್ಪ ಮೇಲೆ ಬಂದು, ಗೋಡೆಗೊರಗಿ ಕೆಮ್ಮುತ್ತಿದ್ದರು. ಸಂಬಳದಲ್ಲಿ ಏನೇನು ಹಿಡಿದುಕೊಳ್ಳುತ್ತಿದ್ದರೋ, ಆ ಚೀಟಿ ಅವರ ಜೇಬು ಬಿಟ್ಟು ಈಚೆ ಬರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಮ್ಮು ನಿಲ್ಲಲಿಲ್ಲ.

ಓನರ್ ಅಮ್ಮನಿಗೂ ಮೀಟರು ಬೇಕಿರಲಿಲ್ಲ, ಕಿವಿ ಇತ್ತು. "ಏನಪ್ಪಾ, ರಾತ್ರಿ ಹನ್ನೊಂದಾದ್ರೂ ಲೈಟು ಉರೀತಿತ್ತು, ಮೈ ಹುಷಾರಿಲ್ವಾ?" ಗೀಸರ್ ಹಾಕಿದ ದಿನ ತಣ್ಣೀರು ಸ್ನಾನದಿಂದ ರಕ್ತ ಶುದ್ಧಿಯಾಗುವ ಬಗೆ ವಿವರಿಸುತ್ತಿದ್ದರು. ನೆಂಟರು ಬಂದರೆ ಬಾಗಿಲಲ್ಲಿದ್ದ ಚಪ್ಪಲಿ ಎಣಿಸಿ, ಸಂಪಿನ ಮುಚ್ಚಳ ತೆಗೆದು ನೋಡುತ್ತಿದ್ದರು. ನನ್ನಾಕೆ ಮಿಕ್ಸಿಯನ್ನು ಬೆಂಗಳೂರು ರೈಲು ಸದ್ದು ಮಾಡುವ ಹೊತ್ತಿಗೇ ತಿರುಗಿಸುವುದು ಕಲಿತಳು. ರೈಲು ತಡವಾದರೆ ಚಟ್ನಿಯೂ ತಡ.

ಕರೆಂಟು ಹೋದಾಗ ಮಾತ್ರ ಓನರ್ ಅಮ್ಮನ ಮುಖ ಬೆಳಗುತ್ತಿತ್ತು. ಅವರೆಕಾಳು ಸಾರಿನ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಅಂಥದೊಂದು ಸಂಜೆ ಲೈನು ಮನೆಯ ಸುದ್ದಿ ಬಂತು.

"ಮೀಟರೇ ಇರ್ಲಿಲ್ವಾ? ಹಾಗಾದ್ರೆ ದುಡ್ಡು ಯಾರು ಕಟ್ತಿದ್ರು?"

"ಅಪ್ಪ" ಎಂದೆ.

"ಮತ್ತೆ!" ಎಂದವರು, ಕರೆಂಟು ಬಂದದ್ದೇ ಎದ್ದು ನಮ್ಮ ವರಾಂಡದ ದೀಪ ಆರಿಸಿ ಕೆಳಗಿಳಿದರು.