ಕೈಗವಸು

ತಲೆಗೆ ರುಮಾಲು, ಮೈಗೆ ಅಂಗಿ, ಹೊದೆಯಲು ಕಂಬಳಿ, ಕಾಲಿಗೆ ಮೆಟ್ಟು; ಹಳೆಯ ಮೈಸೂರು ಸೀಮೆಯ ರೈತನ ಉಡುಗೆಯಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಹೊದಿಕೆ ಉಂಟು. ಬರಿದಾಗಿ ಉಳಿದದ್ದು ಕೈ ಮಾತ್ರ. ಚಳಿ ಹೆಚ್ಚಿದರೆ ಅದು ಕಂಬಳಿಯೊಳಗೆ ಸೇರಿತು. ಇನ್ನೂ ಹೆಚ್ಚಿದರೆ ಕಂಕುಳಿಗೆ ಸೇರಿತು. ಒಲೆಯ ಮುಂದೆ ಕುಳಿತಾಗ ಬೆಂಕಿಯತ್ತ ಚಾಚಿತು. ಅದಕ್ಕೆಂದೇ ಬೇರೊಂದು ಅಂಗಿ ಹೊಲಿಸಬೇಕೆಂದು ಯಾರಿಗೂ ತೋರಲಿಲ್ಲ. ದಿಂಬಿಗೆ ಗವಸು, ವೀಣೆಗೆ ಗವಸು ಎಂಬುದು ರೂಢಿಯ ಮಾತು. ಕೈಗೂ ಗವಸು ಬಂದದ್ದು ಆಮೇಲಿನ ಸಂಗತಿ. ವೀಣೆ ಗವಸಿನೊಳಗೆ ಇರುವಷ್ಟು ಹೊತ್ತು ನುಡಿಯುವುದಿಲ್ಲ. ಕೈಯ ಕಥೆಯೂ ಬಹುಮಟ್ಟಿಗೆ ಹಾಗೆಯೇ.

ಧನುರ್ಮಾಸದ ಮುಂಜಾವಿನಲ್ಲಿ ಮಾಗಡಿಯ ಸಾವನದುರ್ಗವೂ ರಾಮನಗರದ ರಾಮದೇವರ ಬೆಟ್ಟವೂ ಮಂಜಿನೊಳಗೆ ಮರೆಯಾಗುವುದುಂಟು. ಈ ಸೀಮೆಯ ಚಳಿ ಹಿಮಾಲಯದ ಚಳಿಯಲ್ಲ. ನೆರೆಯ ಬೆಂಗಳೂರಿನಲ್ಲಿ ಪಾದರಸ ಇಳಿದ ಕನಿಷ್ಠ ಮಟ್ಟವೆಂದರೆ 1884ರ ಜನವರಿಯ 7.8 ಡಿಗ್ರಿ. ಆದರೂ ಬೆಳಗಿನ ಜಾವ ಮೋಟಾರ್ ಸೈಕಲ್ ಏರಿ ಕೆಲಸಕ್ಕೆ ಹೊರಟವನ ಬೆರಳಿಗೆ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ. ಅವನು ದಾರಿಬದಿಯ ಅಂಗಡಿಯಲ್ಲಿ ಕೈಗವಸು ಕೊಳ್ಳುತ್ತಾನೆ, ದಪ್ಪವಾದದ್ದನ್ನೇ ಆರಿಸುತ್ತಾನೆ. ಅವನ ಮಟ್ಟಿಗೆ ಅದು ಸರಿಯಾದ ಆಯ್ಕೆ. ಹಿಡಿಯನ್ನು ಹಿಡಿದಿದ್ದರೆ ಸಾಕು; ಅದರ ನಯ, ಒರಟು ತಿಳಿಯಬೇಕಾಗಿಲ್ಲ.

ಬಯಲಿನಲ್ಲಿ ಗುರಿ ಅಭ್ಯಾಸಕ್ಕೆ ನಿಂತವನ ಪಾಡು ಬೇರೆ. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್, ಒಂದು ಹುಣಿಸೆಬೀಜ ಅದನ್ನು ಮುಚ್ಚಿಬಿಟ್ಟೀತು. ಅಷ್ಟು ದೂರದ ಅಷ್ಟು ಸಣ್ಣ ಗುರಿಯನ್ನು ಕಣ್ಣು ಹಿಡಿದುಕೊಟ್ಟರೂ ಕೊನೆಯ ಮಾತು ತೋರುಬೆರಳಿನದು. ಬಂದೂಕಿನ ಕುದುರೆಯನ್ನು ಅದು ಮೆಲ್ಲಮೆಲ್ಲನೆ, ನೇರವಾಗಿ ಹಿಂದಕ್ಕೆ ಒತ್ತಬೇಕು. ಎಷ್ಟು ಒತ್ತಿದೆ, ಇನ್ನೆಷ್ಟು ಉಳಿದಿದೆ ಎಂಬುದು ಬೆರಳ ತುದಿಗೆ ತಿಳಿಯುತ್ತಿರಬೇಕು. ಚಳಿಯಾದಾಗ ಶರೀರ ತನ್ನ ಒಡಲನ್ನು ಕಾಪಾಡಿಕೊಳ್ಳಲು ಬೆರಳ ನೆತ್ತರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆರಳಿನ ಚರ್ಮದ ಶಾಖ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಅದರ ಚುರುಕು ಕುಂದುತ್ತದೆ. ಇನ್ನೂ ಇಳಿದರೆ ಸ್ಪರ್ಶವೇ ಮಂಕಾಗುತ್ತದೆ. ಹೊದಿಸದಿದ್ದರೆ ಚಳಿ ಬೆರಳನ್ನು ಮರಗಟ್ಟಿಸುತ್ತದೆ. ದಪ್ಪಗೆ ಹೊದಿಸಿದರೆ ಹೊದಿಕೆಯೇ ಅದನ್ನು ಕಿವುಡಾಗಿಸುತ್ತದೆ. ದಪ್ಪ ಗವಸಿನಿಂದ ಬರುವ ಅಪಾಯ ಇನ್ನೊಂದುಂಟು. ಕುದುರೆಯ ಸುತ್ತಲಿನ ಕಾವಲು ಬಳೆಯೊಳಗೆ ಅದು ಇಡುಕಿಕೊಂಡು, ಒಡೆಯನ ಇಚ್ಛೆಗೆ ಮುಂಚೆಯೇ ಗುಂಡು ಹಾರಿಸಬಹುದು.

ಆದುದರಿಂದ ಅರಿತ ಗುರಿಕಾರ ಎರಡು ಕೈಗೂ ಒಂದೇ ನ್ಯಾಯವೆನ್ನುವುದಿಲ್ಲ. ರೈಫಲ್ಲಿನ ಭಾರ ಹೊರುವ ಮುಂಗೈಗೆ ಮೆತ್ತೆಯಿಟ್ಟ ದಪ್ಪ ಗವಸು. ಕುದುರೆ ಒತ್ತುವ ಕೈಗೆ ತೆಳ್ಳನೆಯದು, ಇಲ್ಲವೆ ತೋರುಬೆರಳಿನ ತುದಿ ಕತ್ತರಿಸಿದ್ದು. ಹತ್ತಿಯ ಗವಸು ಮಂಜನ್ನೂ ಬೆವರನ್ನೂ ಕುಡಿದು ತಾನೇ ತಣ್ಣಗಾಗುತ್ತದೆ. ಉಣ್ಣೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಆದರೆ ನಯವಾದ ಮರದ ಹಿಡಿಯ ಮೇಲೆ ಜಾರುತ್ತದೆ. ಮೆದುವಾದ ತೆಳು ಚರ್ಮ ಕೈಗೆ ಅಂಟಿಕೊಂಡು ನಿಲ್ಲುತ್ತದೆ. ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಗವಸು ತೊಟ್ಟು, ಮೇಜಿನ ಮೇಲಿನ ನಾಣ್ಯವನ್ನು ಎತ್ತಿಕೊಳ್ಳಬೇಕು. ಅಂಗಿಯ ಗುಂಡಿ ಹಾಕಿಕೊಳ್ಳಬೇಕು. ಎರಡೂ ಆಗದಿದ್ದರೆ ಅದು ಗುರಿಕಾರನಿಗೆ ಒದಗುವಂಥದಲ್ಲ. ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ ತೆಳು ಗವಸಿನ ಮೇಲೆ ಉಣ್ಣೆಯ ಚೀಲದಂಥ ಇನ್ನೊಂದು ದೊಡ್ಡ ಗವಸು ತೊಟ್ಟು ಕೈಯನ್ನು ಬೆಚ್ಚಗಿಟ್ಟುಕೊಂಡಿದ್ದು, ತನ್ನ ಸರದಿ ಬಂದಾಗ ಅದನ್ನು ಕಳಚುವುದು. ಸ್ಪರ್ಧೆಯ ದಿನ ತೊಡುವುದನ್ನೇ ಅಭ್ಯಾಸದ ದಿನಗಳಲ್ಲೂ ತೊಡಬೇಕು. ಹೊಸ ಗವಸು ಹೊಸ ಬೆರಳಿದ್ದಂತೆ. ಅದಕ್ಕೆ ಪಾಠ ಹೇಳಲು ಕಾಲ ಬೇಕು.

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲಿಸಿ, ಮರದ ಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಮಳೆಗಾಲ ಇನ್ನೂ ಪೂರ್ತಿ ಹಿಂದೆಗೆಯದ ದಿನಗಳವು; ಗಾಳಿ ತಣ್ಣಗೆ, ಕೈ ತೇವ. ಆದರೂ ಅಲ್ಲಿನ ಬೆರಳಿಗೂ ಕುದುರೆಗೂ ನಡುವೆ ಯಾವ ಸಂಧಾನಕಾರನೂ ಬೇಕಾಗಿಲ್ಲ. ಸರದಿ ಚಿಕ್ಕದು, ಗುಂಡು ಒಂದೋ ಎರಡೋ. ಅಷ್ಟು ಹೊತ್ತು ಬರಿಗೈ ತಡೆದುಕೊಳ್ಳುತ್ತದೆ.

ರಾಮನಗರದ ಬಂಡೆಗಳೂ ಬಂದೂಕಿನ ಸದ್ದಿನಿಂದಲೇ ದೇಶಕ್ಕೆಲ್ಲ ಪರಿಚಿತವಾದವು. 1975ರಲ್ಲಿ ತೆರೆಕಂಡ ಹಿಂದಿಯ ‘ಶೋಲೆ’ ಚಿತ್ರ ಈ ಬೆಟ್ಟಗಳ ನಡುವೆ ತೆಗೆದದ್ದು. ಅದರಲ್ಲಿ ಅಷ್ಟೊಂದು ಗುಂಡು ಹಾರಿದರೂ ನೋಡಿದವರ ಮನಸ್ಸಿನಲ್ಲಿ ನಿಂತದ್ದು ಎರಡು ಕೈಗಳನ್ನೂ ಕಳೆದುಕೊಂಡ ಠಾಕೂರನ ಹೊದಿಕೆ. ಕೈಯ ಬೆಲೆಯನ್ನು ಹೇಳಲು ಆ ಊರೇ ತಕ್ಕದ್ದಾಗಿತ್ತು. ಏಕೆಂದರೆ 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಪ್ರಾಂತದ ಅನ್ನವೆಲ್ಲ ಬೆರಳ ತುದಿಯಿಂದ ಬಂದದ್ದು.

ಕನಕಪುರದ ಹಿಪ್ಪುನೇರಳೆ ತೋಟದಲ್ಲಿ ಇಬ್ಬನಿಯ ಹೊತ್ತಿಗೆ ಸೊಪ್ಪು ಬಿಡಿಸುವವಳ ಬೆರಳು ಎಳೆಯದು ಯಾವುದು, ಬಲಿತದ್ದು ಯಾವುದು ಎಂಬುದನ್ನು ಮುಟ್ಟಿಯೇ ಹೇಳುತ್ತದೆ. ಚನ್ನಪಟ್ಟಣದ ಗೊಂಬೆ ಕೆಲಸದವನು ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾನೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಬಣ್ಣವಾಗಿ ಹರಡುತ್ತದೆ. ಎಷ್ಟು ಒತ್ತಬೇಕೆಂಬುದು ಕೈಗೆ ಗೊತ್ತು. ಅವನು ಗವಸು ತೊಡುವಂತಿಲ್ಲ. ತಿರುಗುವ ಯಂತ್ರ ಅದರ ಅಂಚನ್ನು ಹಿಡಿದರೆ ಕೈಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಅಲ್ಲಿ ರಕ್ಷಣೆಯೇ ಅಪಾಯ.

ಇವರೆಲ್ಲರಿಗಿಂತ ಕಠಿಣವಾದದ್ದು ರಾಮನಗರದ ರೇಷ್ಮೆ ಬಿಚ್ಚಾಣಿಕೆಯವರ ಪಾಡು. ಗೂಡಿನ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೆದುವಾಗಬೇಕು. ಆಮೇಲೆ ಎಳೆಯ ತುದಿ ಸಿಕ್ಕಬೇಕು. ನೂರಾರು ಮೀಟರ್ ಉದ್ದದ ಆ ಎಳೆ ತಲೆಗೂದಲಿಗಿಂತ ತೆಳು. ಅಂಥ ಹಲವು ಎಳೆಗಳು ಕೂಡಿ ಒಂದು ನೂಲು. ಒಂದು ಗೂಡು ಮುಗಿದೊಡನೆ ಇನ್ನೊಂದರ ತುದಿಯನ್ನು ಕೂಡಿಸಬೇಕು. ತಡವಾದರೆ ನೂಲು ಅಲ್ಲಿ ಸಣ್ಣಗಾಯಿತು, ಬೆಲೆ ಇಳಿಯಿತು. ಹಳೆಯ ಚರಕದಲ್ಲಿ ಗೂಡು ಬೇಯುವುದೂ ನೂಲು ಬಿಚ್ಚುವುದೂ ಒಂದೇ ಹಂಡೆಯ ಕುದಿನೀರಿನಲ್ಲಿ. ದಿನವಿಡೀ ಅದರಲ್ಲಿ ಅದ್ದಿದ ಬೆರಳು ಬೆಳ್ಳಗೆ ಉಬ್ಬಿ, ಸುಲಿದು, ಬಿರುಕು ಬಿಟ್ಟು, ಸಂಜೆ ಉಣ್ಣಲು ಕುಳಿತಾಗ ಸಾರಿನ ಖಾರಕ್ಕೆ ಉರಿಯುತ್ತದೆ. ರಬ್ಬರಿನ ಗವಸು ತೊಡಬಾರದೇ ಎಂದು ಕೇಳುವುದು ಸುಲಭ. ಗವಸಿನೊಳಗಿನ ಬೆರಳಿಗೆ ಎಳೆ ಸಿಕ್ಕಿತೋ ತಪ್ಪಿತೋ ತಿಳಿಯದು. ತಿಳಿಯದಿದ್ದರೆ ಕೂಲಿ ಹುಟ್ಟದು.

ಗುರಿಕಾರನದೂ ಬಿಚ್ಚಾಣಿಕೆಯವಳದೂ ಸಮಸ್ಯೆ ಒಂದೇ. ಒಬ್ಬನಿಗೆ ಶೀತ, ಇನ್ನೊಬ್ಬಳಿಗೆ ಶಾಖ, ಅಷ್ಟೇ ಭೇದ. ಆದರೆ ಅವನ ಸರದಿ ಮುಗಿಯುತ್ತದೆ. ಕೈಯನ್ನು ಮತ್ತೆ ಉಣ್ಣೆಯೊಳಗೆ ಸೇರಿಸಿಕೊಳ್ಳುತ್ತಾನೆ. ಅವಳ ಸರದಿ ಮುಗಿಯುವುದು ಹಂಡೆ ಆರಿದಾಗ. ಅವನು ಹತ್ತು ಗವಸುಗಳಲ್ಲಿ ಒಂದನ್ನು ಆರಿಸುತ್ತಾನೆ. ಅವಳಿಗೆ ಆರಿಸಲು ಅಂಗಡಿಯಲ್ಲಿ ಏನೂ ಇಲ್ಲ. ಅವಳ ಗವಸು ಸಿದ್ಧವಾಗಬೇಕಾದದ್ದು ಬೇರೆ ಕಡೆ. ಗೂಡನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಚ್ಚನೆಯ ನೀರಿನಲ್ಲಿ ಬಿಚ್ಚುವ ಕಾಟೇಜ್ ಬೇಸಿನ್ ಅಂಥದೊಂದು ಗವಸು. ಎಳೆಯ ತುದಿಯನ್ನು ತಾನೇ ಹುಡುಕುವ ಸ್ವಯಂಚಾಲಿತ ಯಂತ್ರ ಅದಕ್ಕಿಂತ ದೊಡ್ಡ ಗವಸು. ಆದರೆ ಅದರ ಬೆಲೆ ಸಣ್ಣ ಮನೆತನಗಳ ಕೈಗೆ ಎಟುಕುವಂಥದಲ್ಲ. ರೇಷ್ಮೆ ಸೀರೆಯ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ನಯ ನೋಡುವವರು, ಆ ನಯವನ್ನು ಮೊದಲು ಕಂಡ ಬೆರಳುಗಳಿಗೂ ಆ ಬೆಲೆಯಲ್ಲಿ ಪಾಲು ಸಂದಿದೆಯೇ ಎಂದು ಒಮ್ಮೆ ವಿಚಾರಿಸಿದರೆ ತಪ್ಪಲ್ಲ.